ನನ್ನ ಲ್ಯಾಪ್‌ಟಾಪಿನ ಕುಂಭಕರ್ಣ ನಿದ್ರೆ

"ಯಂತ್ರದ ಒಳಗೆ ಏನು ನಡೆಯುತ್ತದೆಂಬುದು ನಮಗೇಕೆ? ನಾವು ಕಲಾ ವಿಭಾಗದವರು." ನಮ್ಮ ಕಾಲೇಜಿನ ಜಗಲಿಯ ಮೇಲೆ ಈ ಮಾತು ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತದೆ. ಕಳೆದ ದಸರಾ ರಜೆಯವರೆಗೆ ನಾನೂ ಇದನ್ನು ಹೆಮ್ಮೆಯಿಂದಲೇ ಆಡುತ್ತಿದ್ದೆ. ಈಗ ಆಡುವುದಿಲ್ಲ. ಏಕೆಂಬುದನ್ನು ಸಹಪಾಠಿ ಮಿತ್ರರ ಮತ್ತು ಗುರುಗಳ ಮುಂದೆ ಅರಿಕೆ ಮಾಡಿಕೊಳ್ಳುವುದೇ ಈ ಪುಟ್ಟ ಲೇಖನದ ಉದ್ದೇಶ.

ಕನ್ನಡ ವಿಭಾಗದ ಕಿರುಪ್ರಬಂಧಕ್ಕಾಗಿ ರಜೆಯಲ್ಲಿ ಊರಿಗೆ ಹೋಗಿ, ನಮ್ಮ ಅಜ್ಜಿಯಿಂದ ಬೀಸುವ ಕಲ್ಲಿನ ಪದಗಳನ್ನು ಕೇಳಿ ಲ್ಯಾಪ್‌ಟಾಪಿನಲ್ಲಿ ಬರೆದುಕೊಳ್ಳುತ್ತಿದ್ದೆ. ಮೊಬೈಲಿನಲ್ಲಿ ಧ್ವನಿ ಹಿಡಿಯಲು ಅಜ್ಜಿ ಒಪ್ಪಲಿಲ್ಲ. "ಆ ಡಬ್ಬೀ ಮುಂದೆ ನಂಗೆ ಪದ ಬರಾಕಿಲ್ಲ, ಮಗಾ" ಎಂದಳು. ಒಂದು ಸಂಜೆ ಅವಳ ಮನಸ್ಸು ಹದವಾಗಿತ್ತು. ಒಂಬತ್ತು ಪದಗಳು ಸಿಕ್ಕವು. ಅಂದು ಮಧ್ಯಾಹ್ನವಷ್ಟೇ ಲ್ಯಾಪ್‌ಟಾಪು ಏನೋ ಅಪ್‌ಡೇಟ್ ಹಾಕಿಕೊಂಡಿತ್ತು. ರಾತ್ರಿ, ಬರೆದದ್ದನ್ನು ಸೇವ್ ಮಾಡದೆಯೇ, 'ಹೈಬರ್ನೇಟ್' ಒತ್ತಿ ನಿಶ್ಚಿಂತಳಾಗಿ ಮಲಗಿದೆ. ಹತ್ತು ನಿಮಿಷಕ್ಕೊಮ್ಮೆ ತಾನೇ ಪ್ರತಿ ಇಟ್ಟುಕೊಳ್ಳುವ ಏರ್ಪಾಡನ್ನು, ಯಂತ್ರ ನಿಧಾನವಾಗುತ್ತದೆಂದು, ನಾನೇ ಎಂದೋ ತೆಗೆದುಹಾಕಿದ್ದೆ.

ಬೆಳಿಗ್ಗೆ ಗುಂಡಿ ಒತ್ತಿದರೆ ದೀಪ ಹತ್ತಿತು, ಒಳಗಿನ ಫ್ಯಾನು ಬುಸುಗುಟ್ಟಿತು. ಪರದೆ ಮಾತ್ರ ಅಮಾವಾಸ್ಯೆಯ ಇರುಳು! ಕುಂಭಕರ್ಣನನ್ನಾದರೂ ಭೇರಿ ಬಾರಿಸಿ ಎಬ್ಬಿಸಿದರು; ಇದು ಯಾವುದಕ್ಕೂ ಜಗ್ಗಲಿಲ್ಲ. ಆಯುಧಪೂಜೆಯ ದಿನ ಇದೇ ಯಂತ್ರಕ್ಕೆ ಕುಂಕುಮವಿಟ್ಟು ಕೈಮುಗಿದಿದ್ದೆ. ಕೊನೆಗೆ ಗುಂಡಿಯನ್ನು ಹತ್ತು ಹದಿನೈದು ಸೆಕೆಂಡು ಒತ್ತಿಹಿಡಿದು, ಆರಿಸಿ, ಮತ್ತೆ ಹಚ್ಚಿದೆ. ಯಂತ್ರ ಎದ್ದಿತು. ಒಂಬತ್ತು ಪದಗಳು ಇರಲಿಲ್ಲ.

ರಜೆ ಮುಗಿಸಿ ಬಂದ ಮೇಲೂ ಹೈಬರ್ನೇಟ್ ಮಾಡಿದಾಗಲೆಲ್ಲ ಅದೇ ಕತ್ತಲೆ. ರಿಪೇರಿ ಅಂಗಡಿಯವರು, "ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು" ಎಂದರು. ಗೆಳತಿಯೊಬ್ಬಳು, "ಅಪ್‌ಡೇಟನ್ನೇ ಶಾಶ್ವತವಾಗಿ ನಿಲ್ಲಿಸಿಬಿಡೇ" ಎಂದಳು. ಎರಡೂ ಬೇಡವೆಂದು ತಡೆದು, ಕಾರಣವನ್ನು ತಿಳಿಸಿಕೊಟ್ಟವರು ನಮ್ಮ ಕಾಲೇಜಿನ ಕಂಪ್ಯೂಟರ್ ವಿಷಯದ ಅಧ್ಯಾಪಕರು.

ಯಂತ್ರದ ನಿದ್ರೆಯಲ್ಲಿ ಮುಖ್ಯವಾಗಿ ಎರಡು ಬಗೆ. 'ಸ್ಲೀಪ್' ಎಂಬುದು ಕೋಳಿನಿದ್ದೆ. ನಮ್ಮ ಕೆಲಸವೆಲ್ಲ ರ‍್ಯಾಮ್ ಎಂಬ ಸ್ಮೃತಿಯಲ್ಲೇ ಇದ್ದು, ಅದಕ್ಕೆ ಅಲ್ಪಸ್ವಲ್ಪ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಹೈಬರ್ನೇಟ್ ಹಾಗಲ್ಲ. ಸ್ಮೃತಿಯಲ್ಲಿದ್ದುದನ್ನು ಡಿಸ್ಕಿನ ಮೇಲೆ ಒಂದು ಕಡತವಾಗಿ ಬರೆದಿಟ್ಟು ಯಂತ್ರ ಆರಿಹೋಗುತ್ತದೆ. 1996ರ ಡಿಸೆಂಬರಿನಲ್ಲಿ ಹೊರಬಂದ ಎ.ಸಿ.ಪಿ.ಐ. ಎಂಬ ನಿಯಮಾವಳಿಯಲ್ಲಿ ಈ ಅವಸ್ಥೆಗಳಿಗೆ ಎಸ್‌3, ಎಸ್‌4 ಎಂದು ಹೆಸರು. ಎಚ್ಚರಗೊಳ್ಳುವಾಗ ಆ ಕಡತ ರ‍್ಯಾಮಿಗೆ ಮರಳುತ್ತದೆ. ಜೊತೆಗೆ ಪರದೆ, ವೈಫೈ ಮೊದಲಾದ ಒಂದೊಂದು ಭಾಗವನ್ನೂ ಅದರದರ 'ಡ್ರೈವರ್' ಎಂಬ ತಂತ್ರಾಂಶ ಎಬ್ಬಿಸಬೇಕು. ಅಪ್‌ಡೇಟಿನೊಡನೆ ಬಂದ ಹೊಸ ಡ್ರೈವರು ಹಳೆಯ ಯಂತ್ರಕ್ಕೆ ಹೊಂದದೆ ಹೋದರೆ ಪರದೆ ಬೆಳಗುವುದಿಲ್ಲ. ನನ್ನಲ್ಲಿ ಆದದ್ದು ಇದೇ.

ಪರಿಹಾರ ಅರ್ಧ ಗಂಟೆಯ ಕೆಲಸ. ಡಿವೈಸ್ ಮ್ಯಾನೇಜರಿನಲ್ಲಿ ಡಿಸ್‌ಪ್ಲೇ ಡ್ರೈವರನ್ನು 'ರೋಲ್ ಬ್ಯಾಕ್' ಮಾಡಿ ಹಿಂದಿನದಕ್ಕೆ ಮರಳಿಸಿದೆವು. 'ಪವರ್‌ಸಿಎಫ್‌ಜಿ' ಎಂಬ ಆಜ್ಞೆಯಿಂದ ಹೈಬರ್ನೇಶನ್ನನ್ನು ಒಮ್ಮೆ ಆಫ್ ಮಾಡಿದಾಗ ಹಳೆಯ ಕಡತ ಅಳಿಯಿತು. ಆನ್ ಮಾಡಿದಾಗ ಹೊಸದು ಹುಟ್ಟಿತು. ಮೂರು ಸಲ ಮಲಗಿಸಿ ನೋಡಿದೆವು. ಮೂರು ಸಲವೂ ಎದ್ದಿತು. ರೋಲ್ ಬ್ಯಾಕಿಗೆ ಅವಕಾಶವಿಲ್ಲದಿದ್ದರೆ, ಲ್ಯಾಪ್‌ಟಾಪ್ ತಯಾರಿಸಿದವರ ಜಾಲತಾಣದಿಂದ ಆ ಮಾದರಿಗೆ ತಕ್ಕ ಡ್ರೈವರನ್ನೇ ತಂದು ಹಾಕಬೇಕು. ಇನ್ನೊಂದು ಗುಟ್ಟು: 2012ರಲ್ಲಿ ವಿಂಡೋಸ್ 8ರೊಡನೆ ಬಂದ 'ಫಾಸ್ಟ್ ಸ್ಟಾರ್ಟ್‌ಅಪ್' ಚಾಲ್ತಿಯಲ್ಲಿದ್ದರೆ, 'ಶಟ್ ಡೌನ್' ಒತ್ತಿದಾಗಲೂ ವ್ಯವಸ್ಥೆಯ ತಿರುಳು ಹೈಬರ್ನೇಟ್ ಆಗಿರುತ್ತದೆ. ಪೂರ್ತಿ ಹೊಸದಾಗಿ ಏಳಬೇಕಾದರೆ 'ರೀಸ್ಟಾರ್ಟ್' ಒತ್ತಬೇಕು.

ಹಾಗಾದರೆ ಅಪ್‌ಡೇಟೇ ಬೇಡವೆ? ಈ ವಾದವನ್ನು ನಾನು ಒಪ್ಪಲಾರೆ. ಕಳ್ಳರು ನುಸುಳುವ ಕಿಂಡಿಗಳನ್ನು ಮುಚ್ಚುವುದೂ ಅದೇ ಅಪ್‌ಡೇಟು. ವಿದ್ಯಾರ್ಥಿವೇತನದ ಅರ್ಜಿ, ಬ್ಯಾಂಕಿನ ವ್ಯವಹಾರ ಎಲ್ಲವನ್ನೂ ನಾವು ಆ ಒಂದೇ ಯಂತ್ರದಲ್ಲಿ ನಡೆಸುತ್ತೇವೆ. ಬಾಗಿಲು ಕಿರುಗುಟ್ಟಿತೆಂದು ಬಾಗಿಲನ್ನೇ ಕಿತ್ತಿಡುವವರುಂಟೆ? ಕೀಲಿಗೆ ಎಣ್ಣೆ ಬಿಡುವುದನ್ನು ಕಲಿಯಬೇಕು. ಯಂತ್ರವನ್ನು ಬೈಯುವುದಕ್ಕೂ ಪೂಜಿಸುವುದಕ್ಕೂ ತಿಳಿವಳಿಕೆ ಬೇಕಾಗಿಲ್ಲ, ಬಳಸುವುದಕ್ಕೆ ಬೇಕು. ಹೈಬರ್ನೇಟ್ ಮಾಡುವುದೇ ಕಾಪಿಡುವುದೆಂದು ನಾನು ಭಾವಿಸಿದ್ದೆ. ಆ ತಪ್ಪು ಯಂತ್ರದ್ದಲ್ಲ, ನನ್ನದು.

ದೀಪಾವಳಿಗೆ ಊರಿಗೆ ಹೋದಾಗ ಆ ಪದಗಳನ್ನು ಮತ್ತೆ ಹೇಳೆಂದು ಅಜ್ಜಿಯನ್ನು ಬೇಡಿದೆ. ಐದು ಬಂದವು. ಉಳಿದ ನಾಲ್ಕರ ಮೊದಲ ಸಾಲನ್ನು ನಾನೇ ನೆನಪಿಸಿದರೂ ಅವಳಿಗೆ ಮುಂದಿನದು ಹೊಳೆಯಲಿಲ್ಲ. "ಹೋಗ್ಲಿ ಬುಡು ಮಗಾ" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಆದುದರಿಂದ ಗುರುಗಳಲ್ಲಿ ನನ್ನದೊಂದು ನಮ್ರ ವಿನಂತಿ. ಕಿರುಪ್ರಬಂಧದ ಕೆಲಸ ಮೊದಲಾಗುವ ಮುನ್ನ, ಬರೆದದ್ದನ್ನು ಎರಡು ಕಡೆ ಕಾಪಿಡುವ ಬಗೆ, ಅಪ್‌ಡೇಟಿನ ಮರುದಿನ ಯಂತ್ರ ಮುನಿಸಿಕೊಂಡರೆ ಮಾಡಬೇಕಾದ ಕ್ರಮ, ಇಷ್ಟನ್ನು ಕಲಾ ವಿದ್ಯಾರ್ಥಿಗಳಿಗೆ ಒಂದೇ ಒಂದು ಗಂಟೆ ಹೇಳಿಕೊಡಬೇಕು. ಮಿತ್ರರಲ್ಲಿ ವಿನಂತಿ ಇನ್ನೂ ಸಣ್ಣದು: ಈ ಸಂಚಿಕೆಯನ್ನು ಮಡಿಸಿಟ್ಟ ಕೂಡಲೇ, ನಿಮ್ಮ ಲ್ಯಾಪ್‌ಟಾಪು ಈಗ ಮಲಗಿದ್ದರೆ, ಎಬ್ಬಿಸಿ ಒಮ್ಮೆ ಸೇವ್ ಮಾಡಿ.

— ಅಂತಿಮ ಬಿ.ಎ. ವಿದ್ಯಾರ್ಥಿನಿ