ಮೊದಲ ಚೀಲದ ತೂಕವೇ ಒಟ್ಟು ತೂಕವೆ?

ಕಳೆದ ದಸರೆಯ ರಜೆಯಲ್ಲಿ ಬಾಣಾವರಕ್ಕೆ ಹೋಗಿದ್ದೆ. ಅಣ್ಣನ ಮೊಮ್ಮಗ ಪಿಯುಸಿಯಲ್ಲಿ ಕಂಪ್ಯೂಟರ್ ವಿಜ್ಞಾನವನ್ನು ಆರಿಸಿಕೊಂಡಿದ್ದಾನೆ. ಅವನ ಪ್ರಯೋಗಾಲಯದ ರೆಕಾರ್ಡ್ ಪುಸ್ತಕದ ತುಂಬ ಪೈಥಾನ್ ಪ್ರೋಗ್ರಾಂಗಳು. ಅಕ್ಷರಗಳು ಮುತ್ತು ಪೋಣಿಸಿದಂತೆ. ಪುಸ್ತಕ ಮುಚ್ಚಿಸಿ, ಐದು ಸಂಖ್ಯೆಗಳ ಮೊತ್ತ ಕಂಡುಹಿಡಿಯುವ ಪ್ರೋಗ್ರಾಂ ಬರೆಯಲು ಹೇಳಿದೆ. ಹುಡುಗ ತಲೆ ತಗ್ಗಿಸಿದ. "ಅದು ರೆಕಾರ್ಡಲ್ಲಿ ಇಲ್ಲ ತಾತ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಡಿಗ್ರಿಗೆ ಇದನ್ನ ತಗೊಳ್ಳಲ್ಲ, ಇದೆಲ್ಲ ಇಂಗ್ಲಿಷ್ ಮೀಡಿಯಂನೋರಿಗೇ ಸರಿ" ಎಂದ.

ಎರಡನೆಯ ಮಾತು ನನ್ನನ್ನು ಕಲಕಿತು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಜಾಣ ಹುಡುಗ, ನಕಲು ಮಾಡುವುದನ್ನೇ ಕಲಿಕೆ ಎಂದುಕೊಂಡು, ಆಮೇಲೆ ತನ್ನನ್ನೇ ದಡ್ಡನೆಂದುಕೊಳ್ಳುತ್ತಿದ್ದಾನೆ. ತಪ್ಪು ಅವನದಲ್ಲ. ಬೋರ್ಡಿನ ಮೇಲೆ ಬರೆದದ್ದನ್ನು ರೆಕಾರ್ಡಿಗೆ ಇಳಿಸಿ ಸಹಿ ಪಡೆದರೆ ಅಭ್ಯಾಸ ಮುಗಿಯಿತು ಎನ್ನುವ ಪದ್ಧತಿಯದು.

ಪೈಥಾನ್ ಭಾಷೆಯನ್ನು ರೂಪಿಸಿದವರು ನೆದರ್ಲೆಂಡ್ಸಿನ ಗೈಡೊ ವಾನ್ ರೋಸಮ್. ಅದು ಮೊದಲು ಹೊರಬಂದದ್ದು 1991ರಲ್ಲಿ. ಹೆಸರು ಹೆಬ್ಬಾವಿನಿಂದ ಬಂದದ್ದಲ್ಲ, ಬ್ರಿಟನ್ನಿನ ಒಂದು ಹಾಸ್ಯ ಕಾರ್ಯಕ್ರಮದಿಂದ ಬಂದದ್ದು. ಅದರಲ್ಲಿ ಕಾಯ್ದಿಟ್ಟ ಇಂಗ್ಲಿಷ್ ಪದಗಳು ಕೇವಲ 35. ಇಷ್ಟು ಪದಗಳಿಗೆ ಹೆದರಿ ಹಿಂದೆ ಸರಿಯುವುದೆ? ಎನ್‌ಸಿಇಆರ್‌ಟಿಯ ಹನ್ನೊಂದನೆಯ ತರಗತಿಯ ಪುಸ್ತಕದಲ್ಲಿ ಲೂಪ್ ಮತ್ತು ಫಂಕ್ಷನ್ ಮೊದಲು, ಲಿಸ್ಟ್ ನಂತರ. ನನಗಂತೂ ಲಿಸ್ಟ್ ಮೊದಲು ಬರಬೇಕೆನ್ನಿಸುತ್ತದೆ. ಸುತ್ತಲು ಏನೂ ಇಲ್ಲದೆ ಸುತ್ತುವುದನ್ನು ಕಲಿಯುವುದು ಹೇಗೆ?

ಆದ್ದರಿಂದ ರೈಲಿನಿಂದ ಆರಂಭಿಸಿದೆವು. ಬೆಂಗಳೂರು, ತುಮಕೂರು, ತಿಪಟೂರು, ಅರಸೀಕೆರೆ, ಬಾಣಾವರ, ಕಡೂರು, ಬೀರೂರು, ಇದೇ ಲಿಸ್ಟ್. ಬಾಣಾವರ ಐದನೆಯದು, ಆದರೆ ಪೈಥಾನ್ ಅದಕ್ಕೆ ಕೊಡುವ ಸಂಖ್ಯೆ 4. ಎಣಿಕೆ ಸೊನ್ನೆಯಿಂದ ಏಕೆ ಎಂದು ಹುಡುಗ ಕೇಳಿದ. ಹೊರಟ ಊರಿನಲ್ಲಿ ನಿಂತಾಗ ನೀನು ಕ್ರಮಿಸಿದ ದೂರ ಸೊನ್ನೆ ತಾನೆ, ಆ ಸಂಖ್ಯೆ ಮೊದಲ ಊರಿನಿಂದ ಎಷ್ಟು ಹೆಜ್ಜೆ ಎನ್ನುವುದನ್ನು ಹೇಳುತ್ತದೆ ಎಂದೆ. ಲೂಪ್ ಎಂದರೆ ಪ್ರತಿ ನಿಲ್ದಾಣದಲ್ಲೂ ನಿಲ್ಲುವ ಪ್ಯಾಸೆಂಜರ್ ಗಾಡಿ; ಅದನ್ನು ವಿವರಿಸಬೇಕಾಗಲಿಲ್ಲ.

ಫಂಕ್ಷನ್ನಿಗೆ ಕೊಬ್ಬರಿ ನೆರವಾಯಿತು. ವರ್ಷದ ಹತ್ತಿರ ಅಟ್ಟದ ಮೇಲೆ ಒಣಗಿದ ಕಾಯಿ ಒಡೆದು ತೆಗೆದ ಉಂಡೆ ಕೊಬ್ಬರಿ ಐದು ಚೀಲ ಇತ್ತು. ತೂಕ 42, 45, 44, 41, 43 ಕಿಲೋ. ಹೊಯ್ಸಳರು ಇಲ್ಲಿಗೆ ಹೆಚ್ಚು ದೂರವಿಲ್ಲದ ಹಳೇಬೀಡಿನಿಂದ ಆಳುತ್ತಿದ್ದ 12ನೇ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ 'ವ್ಯವಹಾರಗಣಿತ' ಬರೆದಿದ್ದ. ಅದರಲ್ಲಿ ಬರುವ ತ್ರೈರಾಶಿಕವನ್ನು ನೋಡಿ: ಮೂರು ಸಂಖ್ಯೆ ಕೊಟ್ಟರೆ ನಾಲ್ಕನೆಯದು ಹೊರಬರುತ್ತದೆ, ಸರಕು ಯಾವುದಾದರೂ ಸರಿ. ಫಂಕ್ಷನ್ ಎಂದರೆ ಇಷ್ಟೆ. ಪೈಥಾನಿನ ಮೂರನೆಯ ಆವೃತ್ತಿ 2008ರಲ್ಲಿ ಬಂದಂದಿನಿಂದ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದು. ಹುಡುಗ 'ಒಟ್ಟುತೂಕ' ಎಂದೇ ಫಂಕ್ಷನ್ನಿಗೆ ಹೆಸರಿಟ್ಟ. (ಮುಂದೆ ಕೆಲಸಕ್ಕೆ ಸೇರಿದ ಮೇಲೆ ಇಂಗ್ಲಿಷ್ ಹೆಸರುಗಳೇ ಬೇಕಾಗುತ್ತವೆ, ಒಪ್ಪುತ್ತೇನೆ. ಈಜು ಕಲಿಯುವವನಿಗೆ ಮೊದಲು ಬೆನ್ನಿಗೆ ಬುರುಡೆ ಕಟ್ಟುವುದಿಲ್ಲವೆ?)

ಉತ್ತರ 42 ಬಂತು. 215 ಬರಬೇಕಿತ್ತು. ಪರದೆಯ ಮೇಲೆ ಒಂದೂ ದೋಷಸೂಚನೆ ಇಲ್ಲ. ಪೈಥಾನಿನಲ್ಲಿ ಸಾಲಿನ ಮುಂದೆ ಬಿಡುವ ಜಾಗವೇ ವ್ಯಾಕರಣ. ಉತ್ತರವನ್ನು ಮರಳಿಸುವ ರಿಟರ್ನ್ ಸಾಲು ನಾಲ್ಕು ಸ್ಥಳ ಒಳಸರಿದು ಲೂಪಿನೊಳಗೆ ಸೇರಿಬಿಟ್ಟಿತ್ತು. ಮೊದಲ ಚೀಲ ತೂಗಿದೊಡನೆ ಫಂಕ್ಷನ್ ಲೆಕ್ಕ ಮುಗಿಸಿ ಎದ್ದಿತ್ತು. "ಇಂಥ ತೂಕದವನು ಮಂಡಿಯಲ್ಲಿ ಸಿಕ್ಕಿದ್ದರೆ ಗತಿಯೇನು?" ಎಂದು ಅಣ್ಣ ನಕ್ಕ. ಹುಡುಗ ನಗಲಿಲ್ಲ. ಚೀಲದಿಂದ ಚೀಲಕ್ಕೆ ಮೊತ್ತ ಹೇಗೆ ಬೆಳೆಯಬೇಕೆಂದು ಕಾಗದದ ಮೇಲೆ ಬರೆಯುತ್ತ ಹೋದ. ಅರ್ಧ ಗಂಟೆ ಹಿಡಿಯಿತು. ರೆಕಾರ್ಡ್ ಪುಸ್ತಕದ ಅಷ್ಟೂ ಪುಟಗಳು ಕಲಿಸದಿದ್ದುದನ್ನು ಆ ಅರ್ಧ ಗಂಟೆ ಕಲಿಸಿತು.

ಈಗ ಕೃತಕ ಬುದ್ಧಿಮತ್ತೆಯನ್ನು ಕೇಳಿದರೆ ಕ್ಷಣದಲ್ಲಿ ಪ್ರೋಗ್ರಾಂ ಬರೆದುಕೊಡುತ್ತದೆ, ಮಕ್ಕಳಿಗೆ ಈ ಗೋಳೇಕೆ ಎನ್ನುವ ಹಿರಿಯರನ್ನು ಕಂಡಿದ್ದೇನೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಡ್ಜರು ನೋಡಿದ ನನಗೆ ಈ ವಾದ ಹಿಡಿಸದು. ಕ್ಯಾಲ್ಕ್ಯುಲೇಟರು ಬಂದ ಮೇಲೂ ಮೊತ್ತದಲ್ಲಿ ಒಂದು ಸೊನ್ನೆ ಹೆಚ್ಚಿದ್ದರೆ ನೋಡಿದೊಡನೆ ಹುಬ್ಬೇರಿಸುವ ಗುಮಾಸ್ತ ಬೇಕಾಗಿದ್ದ. 42 ಎಂಬ ಉತ್ತರ ಕಂಡು ಇದು ಸಾಧ್ಯವಿಲ್ಲ ಎನ್ನಲು, ಒಂದು ಸಲವಾದರೂ ಸ್ವತಃ ಎಡವಿದ್ದವನೇ ಬೇಕು. ಪರೀಕ್ಷೆಯಲ್ಲಿ ಪ್ರೋಗ್ರಾಂ ಬರೆಸುವ ಬದಲು, ತಪ್ಪಿರುವ ಪ್ರೋಗ್ರಾಂ ಕೊಟ್ಟು ತಪ್ಪು ಹುಡುಕಿಸಲಿ. ಉರು ಹೊಡೆದವನಿಗೂ ಕಲಿತವನಿಗೂ ಅಂತರ ಆಗ ಗೊತ್ತಾಗುತ್ತದೆ.

ಹೊರಡುವ ಹಿಂದಿನ ಸಂಜೆ ಹುಡುಗ ಅದೇ ಫಂಕ್ಷನ್ನನ್ನು ಚೀಲಗಳ ಕ್ರಮಸಂಖ್ಯೆ ಹಿಡಿದು ಬೇರೆ ರೀತಿಯಲ್ಲಿ ಬರೆದ. ಉತ್ತರ 173. ಅಣ್ಣ ಬೆರಳು ಮಡಿಸುತ್ತ ಎಣಿಸತೊಡಗಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗ, "ತಡಿ ತಾತ, ಒಂದರಿಂದ ಶುರು ಮಾಡ್ಬಿಟ್ಟಿದೀನಿ. ಬೆಂಗಳೂರು ಬಿಟ್ಟೋಯ್ತು" ಎಂದು ಮತ್ತೆ ಪರದೆಯ ಕಡೆ ಬಾಗಿದ.