ಮರಿ ತರುವಾಗಿನ ಉತ್ಸಾಹ ಸಾಕುವಾಗ ಎಲ್ಲಿ ಹೋಯಿತು ಸ್ವಾಮಿ?

ಮೂರು ತಿಂಗಳ ಹಿಂದೆ ಒಂದು ಸೋಮವಾರ. ಬೆಳಿಗ್ಗೆ ಆರೂವರೆ ಗಂಟೆ. ನಮ್ಮೂರ ಬಸ್ ನಿಲ್ದಾಣದಲ್ಲಿ ಹಳ್ಳಿ ಬಸ್ಸುಗಳು ನಿಲ್ಲುವ ಕಡೆ ಒಂದು ರಟ್ಟಿನ ಡಬ್ಬ ಬಿದ್ದಿತ್ತು. ಒಳಗೆ ನಾಲ್ಕು ನಾಯಿಮರಿ. ನಾಲ್ಕೂ ಹೆಣ್ಣು. ಗಂಡು ಮರಿಗಳನ್ನು ಆಗಲೇ ಯಾರೋ ಕೇಳಿಕೊಂಡು ಒಯ್ದಿರಬೇಕು. ಉಳಿದದ್ದನ್ನು ತಂದು ಇಲ್ಲಿ ಇಟ್ಟು, ಇಟ್ಟವರು ಯಾವ ಬಸ್ಸು ಹತ್ತಿ ಹೋದರೋ ದೇವರೇ ಬಲ್ಲ.

ಬಸ್ಸಿಗೆ ಕಾದು ನಿಂತವರೆಲ್ಲ ಡಬ್ಬದ ಸುತ್ತ ನೆರೆದರು. "ಅಯ್ಯೋ ಪಾಪ" ಅಂದರು. ಇಬ್ಬರು ಮೊಬೈಲಿನಲ್ಲಿ ಫೋಟೋ ಹೊಡೆದರು. ಒಬ್ಬ ತಾಯಿ ಬಿಸ್ಕತ್ ಹಾಕಿದಳು. ಬಸ್ಸು ಬಂತು, ಜನ ಹತ್ತಿದರು, ಡಬ್ಬ ಅಲ್ಲೇ ಉಳಿಯಿತು. ಮಧ್ಯಾಹ್ನದ ಹೊತ್ತಿಗೆ ಒಂದು ಮರಿ ಹಿಂದಕ್ಕೆ ಬರುತ್ತಿದ್ದ ಬಸ್ಸಿನ ಚಕ್ರಕ್ಕೆ ಸಿಕ್ಕಿತು. ಒಂದನ್ನು ಹಣ್ಣಿನ ಗಾಡಿಯ ಅಜ್ಜಿ ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಒಂದು ಎಲ್ಲಿ ಹೋಯಿತೋ ಪತ್ತೆಯಿಲ್ಲ. ನಾಲ್ಕನೆಯದು, ಈ ಅಂಕಣ ಬರೆಯುತ್ತಿರುವ ಈ ಹೊತ್ತಿಗೆ, ನನ್ನ ಎಡಗಾಲಿನ ಚಪ್ಪಲಿ ಕಡಿಯುತ್ತಾ ಕೂತಿದೆ.

ನಾಯಿ ಮನುಷ್ಯನನ್ನು ಕಚ್ಚಿದರೆ ಸುದ್ದಿಯಲ್ಲ ಅಂತ ನಮ್ಮ ಕಸುಬಿನಲ್ಲಿ ಒಂದು ಹಳೇ ಮಾತಿದೆ. ಆ ಮಾತು ಸುಳ್ಳಾಗಿ ಬಹಳ ದಿನ ಆಯಿತು. ಈಗ ಅದೇ ದಿನಾ ಸುದ್ದಿ. ಪೇಟೆಯ ವರ್ತಕರು ಬೀದಿನಾಯಿ ಹಾವಳಿ ತಪ್ಪಿಸಿ ಅಂತ ಮನವಿ ಕೊಡುತ್ತಾರೆ, ನಾನೇ ಬರೆದು ಪ್ರಕಟಿಸುತ್ತೇನೆ. ಅವರ ಕಷ್ಟ ಸುಳ್ಳಲ್ಲ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯಲು ಹೋದರೆ ಮೆಟ್ಟಿಲ ಮೇಲೆ ಐದು ನಾಯಿ ಮಲಗಿರುತ್ತವೆ. ರಾತ್ರಿ ಕೊನೇ ಬಸ್ಸಿಳಿದು ಮನೆಗೆ ಹೋಗುವವರ ಹಿಂದೆ ಗುಂಪು ಬೀಳುತ್ತದೆ. ಆದರೆ ನನ್ನದೊಂದು ಪ್ರಶ್ನೆ: ಬೀದಿನಾಯಿ ಬೀದಿಗೆ ಬಂದದ್ದು ಎಲ್ಲಿಂದ? ಆಕಾಶದಿಂದ ಉದುರಿತೇ? ಅರ್ಧಕ್ಕರ್ಧ ಆ ರಟ್ಟಿನ ಡಬ್ಬದಿಂದ ಅಂತ ನನ್ನ ಲೆಕ್ಕ. ಡಬ್ಬ ಯಾರ ಮನೆಯದು? ನಮ್ಮ ನಿಮ್ಮಂಥವರ ಮನೆಯದೇ.

ಮೊದಲು ನನ್ನ ತಪ್ಪು

ಊರಿಗೆ ಉಪದೇಶ ಹೇಳುವ ಮುಂಚೆ ನನ್ನ ಮನೆಯ ಕತೆ ಹೇಳಿಬಿಡುತ್ತೇನೆ. ಡಬ್ಬದ ಮರಿ ನನ್ನ ಎರಡನೆಯ ಮರಿ. ಮೊದಲನೆಯದನ್ನು ಅದಕ್ಕೂ ಒಂದು ವರ್ಷ ಮೊದಲು ಸಂತೆಯಲ್ಲಿ ಎರಡು ಸಾವಿರ ರೂಪಾಯಿ ಕೊಟ್ಟು ತಂದಿದ್ದೆ. ಬಿಳೀ ಹತ್ತಿಯ ಉಂಡೆಯಂತಿತ್ತು. ಮಗಳ ಹುಟ್ಟುಹಬ್ಬ, ಅದಕ್ಕೆ. ಮಾರಿದವನು "ಎರಡು ತಿಂಗಳು ತುಂಬಿದೆ ಸಾರ್, ಇಂಜೆಕ್ಷನ್ ಎಲ್ಲಾ ಆಗಿದೆ" ಅಂದ. ಚೀಟಿ ಎಲ್ಲಿ ಅಂತ ನಾನು ಕೇಳಲಿಲ್ಲ. ಬೆಂಡೇಕಾಯಿ ಕೊಳ್ಳುವಾಗ ತುದಿ ಮುರಿದು ನೋಡುವ ನಾವು, ಒಂದು ಜೀವ ಕೊಳ್ಳುವಾಗ ಬಾಯಿ ಸಹ ತೆಗೆಸಿ ನೋಡುವುದಿಲ್ಲ.

ತಂದ ಐದನೇ ದಿನಕ್ಕೆ ಮರಿ ಊಟ ಬಿಟ್ಟಿತು. ವಾಂತಿ ಶುರುವಾಯಿತು. ದೃಷ್ಟಿಯಾಗಿರಬೇಕು ಅಂತ ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಮಾರನೇ ದಿನ ರಕ್ತದ ಭೇದಿ, ಮನೆಯೆಲ್ಲ ನಾರುವ ವಾಸನೆ. ಪಶುವೈದ್ಯರ ಹತ್ತಿರ ಓಡಿದೆ. "ಪಾರ್ವೋ" ಅಂದರು. ಮರಿಗೆ ಎರಡು ತಿಂಗಳಲ್ಲ, ಒಂದೂವರೆ ತಿಂಗಳೂ ಇಲ್ಲ ಅಂದರು. ಸಲೈನ್ ಏರಿಸಿದರು, ವಾಂತಿ ನಿಲ್ಲಲು ಸೂಜಿ ಹಾಕಿದರು. ಮೂರು ದಿನದಲ್ಲಿ ಮರಿ ತಂದ ಹಣದ ಎರಡರಷ್ಟು ಖರ್ಚಾಯಿತು. ನಾಲ್ಕನೇ ದಿನ ಬೆಳಗಿನ ಜಾವ ಅದು ಹೋಯಿತು. ಮಗಳು ಆವತ್ತು ಶಾಲೆಗೆ ಹೋಗಲಿಲ್ಲ. "ಅಪ್ಪಾ, ನೀನು ಯಾಕೆ ಮೊದಲೇ ಡಾಕ್ಟರಿಗೆ ತೋರಿಸಲಿಲ್ಲ?" ಅಂತ ಕೇಳಿದಳು. ಇಷ್ಟು ವರ್ಷದಲ್ಲಿ ಮಂತ್ರಿಗಳಿಗೆ, ಅಧಿಕಾರಿಗಳಿಗೆ ಬೇಕಾದಷ್ಟು ಪ್ರಶ್ನೆ ಹಾಕಿದ್ದೇನೆ. ಅಂಥ ಪ್ರಶ್ನೆ ನಾನು ಯಾರಿಗೂ ಹಾಕಿಲ್ಲ, ನನಗೂ ಯಾರೂ ಹಾಕಿರಲಿಲ್ಲ.

ಈ ಪಾರ್ವೋ ರೋಗ ಜಗತ್ತಿಗೆ ಗೊತ್ತಾದದ್ದು 1978ರ ಸುಮಾರಿಗೆ. ಮನುಷ್ಯರಿಗೆ ಅಂಟುವುದಿಲ್ಲ. ಆದರೆ ಆರು ವಾರದಿಂದ ಆರು ತಿಂಗಳ ಮರಿಗಳಿಗೆ ಯಮ. ಸತ್ತ ಮರಿ ಓಡಾಡಿದ ನೆಲದಲ್ಲಿ ವೈರಾಣು ತಿಂಗಳುಗಟ್ಟಲೆ ಬದುಕಿರುತ್ತದೆ. ಫಿನಾಯಿಲಿಗೆ ಜಗ್ಗುವುದಿಲ್ಲ, ಬ್ಲೀಚಿಂಗ್ ದ್ರಾವಣಕ್ಕೆ ಸಾಯುತ್ತದೆ. "ಇನ್ನೊಂದು ಮರಿ ತರುವುದಾದರೆ ಈಗಲೇ ಬೇಡ" ಅಂತ ವೈದ್ಯರು ಎಚ್ಚರಿಸಿದರು. ಹಾಗಾಗಿ ನಾವು ಒಂದು ವರ್ಷ ತರಲಿಲ್ಲ. ಇದರ ಮದ್ದು ಇರುವುದು ಬರುವ ಮುಂಚೆ. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ ನಾಲ್ಕು ತಿಂಗಳು ತುಂಬುವ ತನಕ. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಅದು ವರ್ಷಾ ವರ್ಷಾ. ನಡುವೆ ಜಂತುಹುಳದ ಔಷಧಿ. ಇಷ್ಟನ್ನು ಆ ಸಂತೆಯವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸಾಕಿ ನೋಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ, ಅದರ ಜೊತೆಗೆ ಮರಿ ಸಾಕಿ ನೋಡು ಅಂತಲೂ ಸೇರಿಸಬೇಕು. ಡಬ್ಬದ ಮರಿ ಬಂದ ಮೊದಲ ರಾತ್ರಿ ಮನೆಯಲ್ಲಿ ಯಾರೂ ಮಲಗಲಿಲ್ಲ. ತಾಯಿ ಬಿಟ್ಟು ಬಂದ ಕೂಸು, ಅಳದೆ ಏನು ಮಾಡೀತು? ವಠಾರದವರು ಬಾಗಿಲು ಬಡಿದರು. ಮನೆ ಮಾಲೀಕರು "ಬಾಡಿಗೆ ಕರಾರಿನಲ್ಲಿ ನಾಯಿ ಇಲ್ಲ" ಅಂದರು. ಹಳೇ ಪಂಚೆಯಲ್ಲಿ ಸುತ್ತಿ, ಮಂಚದ ಪಕ್ಕದಲ್ಲೇ ಇಟ್ಟುಕೊಂಡು ಕೈಯಿಳಿಬಿಟ್ಟ ಮೇಲೆ ಸುಮ್ಮನಾಯಿತು. ನಾಲ್ಕು ರಾತ್ರಿ ಹೀಗೆ.

ಆಮೇಲೆ ಉಚ್ಚೆಯ ಅಧ್ಯಾಯ. ಎಷ್ಟು ತಿಂಗಳ ಮರಿಯೋ ಅದಕ್ಕೆ ಒಂದು ಕೂಡಿಸಿ, ಅಷ್ಟು ಗಂಟೆ ಮಾತ್ರ ತಡೆದುಕೊಳ್ಳಬಲ್ಲದು ಅಂತ ಬಲ್ಲವರ ಅಂದಾಜು. ಎರಡು ತಿಂಗಳ ಮರಿಗೆ ಹೆಚ್ಚೆಂದರೆ ಮೂರು ಗಂಟೆ. ನಾವೋ ಎಂಟು ಗಂಟೆ ಮನೆಗೆ ಬೀಗ ಹಾಕಿ ಹೋಗಿ, ಬಂದ ಮೇಲೆ "ನಡುಮನೆಯಲ್ಲಿ ಮಾಡಿದೆಯಾ?" ಅಂತ ಮೂತಿಯನ್ನು ಅದಕ್ಕೇ ತಿಕ್ಕಿ ಹೊಡೆಯುತ್ತೇವೆ. ನನ್ನ ತಂದೆಯೂ ಹಾಗೇ ಮಾಡುತ್ತಿದ್ದರು. ಅದರಿಂದ ನಾಯಿ ಕಲಿಯುವುದು ಒಂದೇ: ಯಜಮಾನ ಬಂದರೆ ಬಚ್ಚಿಟ್ಟುಕೊಳ್ಳಬೇಕು ಅಂತ. ಎದ್ದ ಕೂಡಲೇ, ಉಂಡ ಕೂಡಲೇ, ಆಡಿದ ಕೂಡಲೇ ಹೊರಗೆ ಕರೆದೊಯ್ದು, ಮಾಡಿದಾಗ "ಶಭಾಷ್" ಅಂದು ಒಂದು ತುಣುಕು ರೊಟ್ಟಿ ಕೊಟ್ಟೆವು. ಆರು ವಾರದಲ್ಲಿ ಬಾಗಿಲ ಬಳಿ ನಿಂತು ಕುಂಯ್‌ಗುಟ್ಟುವುದನ್ನು ಕಲಿಯಿತು. ಮಗಳಿಗೆ ಮಗ್ಗಿ ಕಲಿಸಲು ನನಗೆ ಇದಕ್ಕಿಂತ ಹೆಚ್ಚು ದಿನ ಹಿಡಿದಿತ್ತು.

ಊಟದ್ದೂ ಪಾಠವೇ. ನಾಯಿಮರಿ ಅಂದ ಕೂಡಲೇ ನಮ್ಮವರು ಬಟ್ಟಲು ತುಂಬ ಹಸುವಿನ ಹಾಲು ಇಡುತ್ತಾರೆ. ಬಹಳ ಮರಿಗಳಿಗೆ ಅದು ಜೀರ್ಣವಾಗದೆ ಹೊಟ್ಟೆ ಕೆಡುತ್ತದೆ. ನಮ್ಮದು ಮೊಸರನ್ನ, ಬೇಯಿಸಿದ ಮೊಟ್ಟೆ, ಉಪ್ಪು ಖಾರವಿಲ್ಲದ ಕೋಳಿ ಸಾರಿನ ಅನ್ನಕ್ಕೆ ಒಗ್ಗಿಕೊಂಡಿತು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ ಅನ್ನುವುದು ನನಗೆ ಗೊತ್ತಿರಲಿಲ್ಲ. ನಿಮಗೂ ಗೊತ್ತಿಲ್ಲದಿದ್ದರೆ ಇವತ್ತೇ ತಿಳಿದಿರಿ.

ಈಗ ಹಲ್ಲು ಬದಲಾಗುವ ಕಾಲ. 28 ಹಾಲುಹಲ್ಲು ಬಿದ್ದು 42 ಹಲ್ಲು ಬರಬೇಕು. ಬರುವ ದಾರಿಯಲ್ಲಿ ನನ್ನ ಎರಡು ಜೊತೆ ಚಪ್ಪಲಿ, ಛತ್ರಿಯ ಹಿಡಿ, ಪತ್ರಿಕೆಯ ಗುರುತಿನ ಚೀಟಿ ಎಲ್ಲ ಹೋದವು. ಆದರೆ ರಾತ್ರಿ ಹತ್ತಕ್ಕೆ ನಾನು ಗಲ್ಲಿಯ ತಿರುವಿಗೆ ಬಂದರೆ ಸಾಕು, ಒಳಗಿನಿಂದ ಬಾಗಿಲು ಕೆರೆಯುವ ಸದ್ದು. ಆವತ್ತು ಬರೆದ ಸುದ್ದಿಯನ್ನು ಸಂಪಾದಕರು ಬುಟ್ಟಿಗೆ ಹಾಕಿದ್ದರೂ ಇದಕ್ಕೆ ಲೆಕ್ಕವಿಲ್ಲ. ಮಗಳು ಮತ್ತೆ ನಗುತ್ತಾಳೆ. ಲಾಭ ನಷ್ಟ ಕೂಡಿ ಕಳೆದರೆ, ವ್ಯಾಪಾರಿಗಳೇ, ಲಾಭವೇ.

ಮರಿ ತಾನೇ ಅಂತ ಬಿಡಬೇಡಿ

ಡಬ್ಬ ಸಿಕ್ಕ ದಿನ ಇನ್ನೊಂದು ಸಂಗತಿ ನಡೆಯಿತು. ಮರಿ ಎತ್ತಲು ಹೋದ ಚಹಾ ಅಂಗಡಿಯ ಹುಡುಗನ ಬೆರಳಿಗೆ ಹಲ್ಲು ತಾಗಿ ರಕ್ತ ಬಂತು. "ಮರಿ ತಾನೇ, ಏನಾಗಲ್ಲ" ಅಂತ ಯಾರೋ ಅರಿಶಿನ ಒತ್ತಿದರು. ಇನ್ನೊಬ್ಬರು ಸುಣ್ಣ ಹಚ್ಚು ಅಂದರು. ಸ್ವಾಮಿ, ಮರಿಗೂ ರೇಬೀಸ್ ಇರಬಹುದು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಅದಕ್ಕೆ ಮದ್ದಿಲ್ಲ, ಉಳಿದವರು ಇಲ್ಲವೆನ್ನುವಷ್ಟು ಅಪರೂಪ. ಕಚ್ಚಿದ ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಖಾರದಪುಡಿ ಏನೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹೊಕ್ಕುಳ ಸುತ್ತ 14 ಸೂಜಿ ಅನ್ನುವ ಹಳೇ ಹೆದರಿಕೆ ಇನ್ನೂ ಕೆಲವರಿಗಿದೆ. ಆ ಹಳೇ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತುಹೋಯಿತು. ಈಗ ತೋಳಿಗೆ ನಾಲ್ಕೋ ಐದೋ ಸೂಜಿ. ಎರಡನ್ನು ಚುಚ್ಚಿಸಿಕೊಂಡು ಮೂರನೆಯದಕ್ಕೆ ಚಕ್ಕರ್ ಹೊಡೆಯಬಾರದು. ಆ ಹುಡುಗನನ್ನು ಕೊನೆಗೆ ಅಂಗಡಿ ಯಜಮಾನರೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ಎಲ್ಲ ಸೂಜಿ ಮುಗಿಸಿಸಿದರು. ಅವರಿಗೆ ಈ ಅಂಕಣದ ನಮಸ್ಕಾರ.

ನಲ್ಲಿ ತೆರೆದಿಟ್ಟು ನೆಲ ಒರೆಸಿದರೆ?

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಒಂದು ಆದೇಶ ಮಾಡಿತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆ ಮಾಡಿ ಆಶ್ರಯಕೇಂದ್ರದಲ್ಲಿ ಇಡಬೇಕು, ತಂದು ಮತ್ತೆ ಅಲ್ಲೇ ಬಿಡಬಾರದು ಅಂತ. 2023ರ ನಿಯಮಗಳ ಪ್ರಕಾರ ಬೀದಿನಾಯಿಗಳ ಸಂತಾನ ತಡೆಯುವ ಹೊಣೆ ಸ್ಥಳೀಯ ಸಂಸ್ಥೆಗಳದು. ಸರಿ, ಅವರು ಮಾಡಲಿ, ಮಾಡದಿದ್ದರೆ ನಾನೇ ಬರೆಯುತ್ತೇನೆ. ಆದರೆ ಅವರು ಒಂದು ಕಡೆಯಿಂದ ಹಿಡಿಯುತ್ತಾ ಹೋದರೆ, ನಾವು ಇನ್ನೊಂದು ಕಡೆಯಿಂದ ಡಬ್ಬ ಇಡುತ್ತಾ ಹೋದರೆ ಮುಗಿಯುವುದು ಯಾವಾಗ? ಹೆಣ್ಣು ನಾಯಿ ಗಬ್ಬ ಹೊರುವುದು ಸುಮಾರು 63 ದಿನ. ವರ್ಷಕ್ಕೆ ಎರಡು ಸೂಲು, ಸೂಲಿಗೆ ಐದು ಮರಿ ಅಂತ ಹಿಡಿದರೂ ಹತ್ತಾಯಿತು. ಬಡ್ಡಿ ಲೆಕ್ಕ ಬಲ್ಲ ವರ್ತಕರಿಗೆ ಚಕ್ರಬಡ್ಡಿ ನಾನು ಹೇಳಿಕೊಡಬೇಕೇ?

ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗೆ ಬಿಟ್ಟು ಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತೇ? 10ರಿಂದ 50 ರೂಪಾಯಿ. ಒಂದು ಮಸಾಲೆ ದೋಸೆಗೂ ಸಾಲದು. ಕಾಯಿದೆಗೆ ಹೆದರಿ ಯಾರೂ ಡಬ್ಬ ಇಡುವುದನ್ನು ಬಿಡಲಾರರು. ನಾಚಿಕೆಗೆ ಬಿಡಬೇಕು ಅಷ್ಟೆ.

ಇನ್ನೊಂದು ಷೋಕಿಯ ಮಾತು. ಸೈಬೀರಿಯದ ಹಿಮದಲ್ಲಿ ಗಾಡಿ ಎಳೆಯುವ ಹಸ್ಕಿಯನ್ನು ತಂದು ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಶೀಟಿನ ಮನೆಯಲ್ಲಿ ಕಟ್ಟುವವರಿದ್ದಾರೆ. ನಮ್ಮದೇ ಮುಧೋಳ ನಾಯಿ ಇದೆ, 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, ಸೇನೆಗೂ ಹೋಯಿತು. ಆದರೆ ಅದು ಬಯಲಲ್ಲಿ ಓಡುವ ಬೇಟೆನಾಯಿ. ಇಪ್ಪತ್ತು ಮೂವತ್ತರ ಸೈಟಿನ ಮನೆಯಲ್ಲಿ ಸರಪಳಿಗೆ ಕಟ್ಟಿದರೆ ಅದಕ್ಕೂ ಶಿಕ್ಷೆ, ಮನೆಯವರಿಗೂ ಶಿಕ್ಷೆ. ಮಕ್ಕಳು ಹಠ ಮಾಡಿದರು ಅಂತ ತಂದು, ಆರು ತಿಂಗಳಿಗೆ ಬೇಜಾರಾಗಿ ಬೈಪಾಸಿನಲ್ಲಿ ಇಳಿಸಿ ಬಂದರೆ, ಮಕ್ಕಳು ಕಲಿಯುವ ಪಾಠ ಯಾವುದು? ಬೇಡವಾದದ್ದನ್ನು ಬೀದಿಗೆ ಬಿಡಬಹುದು ಅಂತ. ನಾಳೆ ನಮಗೆ ವಯಸ್ಸಾಗುತ್ತದೆ, ನೆನಪಿರಲಿ.

ಹಾಗಾದರೆ ಮಾಡುವುದೇನು? ಮೊದಲನೆಯದು, ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಬೇಡಿ, ಅಂಥದ್ದನ್ನು ಕೊಳ್ಳಬೇಡಿ. ಎರಡನೆಯದು, ಲಸಿಕೆಯ ಚೀಟಿ ಕೇಳಿ. ಮೂರನೆಯದು, ಹೆಣ್ಣು ಮರಿ ಸಾಕಿ, ಕಾಲಕ್ಕೆ ಸಂತಾನಹರಣ ಚಿಕಿತ್ಸೆ ಮಾಡಿಸಿ. ಕಾವಲಿಗೆ ಹೆಣ್ಣು ನಾಯಿ ಏನೂ ಕಡಿಮೆಯಿಲ್ಲ. ನಾಲ್ಕನೆಯದು ವರ್ತಕರಿಗೆ: ನಿಮ್ಮ ಬೀದಿಯಲ್ಲಿ ಅಂಗಡಿಗೆ ಇಷ್ಟು ಅಂತ ಚಂದಾ ಹಾಕಿ, ನಿಮ್ಮ ಮೆಟ್ಟಿಲ ಮೇಲೆ ಮಲಗುವ ನಾಯಿಗಳಿಗೆ ಲಸಿಕೆ ಹಾಕಿಸಿ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಗಣಪತಿಗೆ ಚಂದಾ ಎತ್ತಲು ಬರುವ ಹುಡುಗರಿಗೇ ಈ ಕೆಲಸ ವಹಿಸಿ, ಚೆನ್ನಾಗಿ ಮಾಡುತ್ತಾರೆ.

ಬಸ್ ಪ್ರಯಾಣಿಕರಿಗೆ ಒಂದೇ ಮಾತು. ಇನ್ನೊಮ್ಮೆ ಯಾರಾದರೂ ಡಬ್ಬ ಇಟ್ಟು ಬಸ್ಸು ಹತ್ತುವುದು ಕಂಡರೆ, ಮರಿಯ ಫೋಟೋ ಬೇಡ, "ಏನ್ರೀ, ನಿಮ್ಮ ಸಾಮಾನು ಮರೆತಿರಿ" ಅಂತ ಬಸ್ಸೆಲ್ಲ ಕೇಳುವ ಹಾಗೆ ಕೂಗಿ. ಸಾಕು.

ಇಷ್ಟು ಬರೆಯುವಷ್ಟರಲ್ಲಿ ಎಡಗಾಲಿನ ಚಪ್ಪಲಿಯ ಬಾರು ಮುಗಿಯಿತು, ಈಗ ಬಲಗಾಲಿನದಕ್ಕೆ ಬಾಯಿ ಹಾಕಿದ್ದಾಳೆ. ಪೇಟೆಯ ಚಪ್ಪಲಿ ಅಂಗಡಿಯವರೇ, ನಾಳೆ ಬೆಳಿಗ್ಗೆ ಬರುತ್ತೇನೆ. ಮೂರು ತಿಂಗಳಲ್ಲಿ ಮೂರನೇ ಜೊತೆ. ಖಾಯಂ ಗಿರಾಕಿ ಅಂತ ರೇಟು ಸ್ವಲ್ಪ ಇಳಿಸಿ.