ಮಡಿಕೇರಿಗೆ ಬನ್ನಿ ಎಂದರೆ ಯಾರು ಬರುತ್ತಾರೆ?

ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಒಬ್ಬರಾದರೂ ಅರ್ಹ ಆಪ್ತ ಸಮಾಲೋಚಕರು ಇರಲೇಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನಿರ್ದೇಶಿಸಿತು. ಒಳ್ಳೆಯದೇ ಆಯಿತು. ಆದರೆ ಸಂಜೆಯಾದರೆ ಅಲ್ಲಿ ಓದುವ ಹುಡುಗ ಮನೆಗೇ ಹೋಗಬೇಕು. ಮನೆಯಲ್ಲಿ ಕುಡಿದು ಬರುವ ಅಪ್ಪನ ಜತೆ, ಸ್ವಸಹಾಯ ಸಂಘದ ಸಾಲದ ಕಂತು ಕಟ್ಟಲು ಪರದಾಡುವ ಅಮ್ಮನ ಜತೆ ಕೂತು ಮಾತನಾಡುವವರು ಯಾರೂ ಇಲ್ಲ. ಕುಟುಂಬವನ್ನು ಹೊರಗಿಟ್ಟು ಮಾಡಿದ ಮಾನಸಿಕ ಆರೋಗ್ಯ ನೀತಿ ಅರ್ಧ ನೀತಿ.

ಇದಕ್ಕೆ ಬೇಕಾದ ಪುರಾವೆ ಸರ್ಕಾರದ ಕಡತದಲ್ಲೇ ಇದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಕಾರಣಗಳ ಪಟ್ಟಿಯಲ್ಲಿ ಮೊದಲನೆಯದು ಕೌಟುಂಬಿಕ ಸಮಸ್ಯೆ: ಶೇ 31.7. ಮದುವೆಗೆ ಸಂಬಂಧಿಸಿದ್ದು ಬೇರೆಯೇ ಶೇ 4.8. ಕಾಯಿಲೆ ಶೇ 18.4. ಸಾಲ ಶೇ 4.1, ಪರೀಕ್ಷೆಯಲ್ಲಿ ಅನುತ್ತೀರ್ಣ ಶೇ 1.2. ವರದಿ ಬಂದಾಗಲೆಲ್ಲ ಪರೀಕ್ಷೆ ಮತ್ತು ಸಾಲದ ಸುತ್ತಲೇ ಚರ್ಚೆ ಸುತ್ತುತ್ತದೆ. ಪಟ್ಟಿಯ ಮೊದಲ ಸಾಲಿನ ಮೇಲೆ ಯಾರ ಕಣ್ಣೂ ನಿಲ್ಲುವುದಿಲ್ಲ. ಪೊಲೀಸರು ಬರೆದುಕೊಂಡ ಕಾರಣ, ಅದನ್ನೇನು ನಂಬುವುದು ಎನ್ನುವವರಿದ್ದಾರೆ. ಸರಿ, ಅರ್ಧದಷ್ಟನ್ನೇ ನಂಬೋಣ. ಆಗಲೂ ಅದು ಸಾಲಕ್ಕಿಂತ, ಪರೀಕ್ಷೆಗಿಂತ ಎಷ್ಟೋ ದೊಡ್ಡ ಸಂಖ್ಯೆ.

ಈಗ ಕೊಡಗು ಜಿಲ್ಲೆಯ ಕುಶಾಲನಗರಕ್ಕೆ ಬರೋಣ. 2011ರ ಜನಗಣತಿಯಂತೆ ಕೊಡಗಿನ ಒಟ್ಟು ಜನಸಂಖ್ಯೆ 5,54,519. ಚದರ ಕಿಲೋಮೀಟರಿಗೆ 135 ಮಂದಿ, ರಾಜ್ಯದಲ್ಲೇ ಅತಿ ಕಡಿಮೆ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಸಮಾಲೋಚಕರ ನೆರವನ್ನೇನೋ ಒದಗಿಸುತ್ತದೆ. ಆದರೆ ನ್ಯಾಯಾಲಯ ಕಡ್ಡಾಯವಾಗುವುದು ಹತ್ತು ಲಕ್ಷ ಮೀರಿದ ಪಟ್ಟಣಗಳಿಗೆ. ಇಡೀ ಜಿಲ್ಲೆ ಸೇರಿದರೂ ಅದರ ಅರ್ಧದ ಆಸುಪಾಸು. ಹಿಂಸೆಗೊಳಗಾದ ಮಹಿಳೆಯರಿಗೆ ನೆರವಾಗುವ ‘ಸಖಿ’ ಕೇಂದ್ರವೂ ಜಿಲ್ಲಾ ಮಟ್ಟದ್ದು, ಜಿಲ್ಲಾ ಮಾನಸಿಕ ಆರೋಗ್ಯ ತಂಡವೂ ಜಿಲ್ಲೆಗೊಂದು. ತಲೆ ಎಣಿಸಿ ಹಂಚುವ ಲೆಕ್ಕದಲ್ಲಿ ಬೆಟ್ಟ, ತೋಟ, ಮಳೆ ಯಾವುದಕ್ಕೂ ಜಾಗವಿಲ್ಲ.

ಕುಶಾಲನಗರದಿಂದ ಜಿಲ್ಲಾ ಕೇಂದ್ರ ಮಡಿಕೇರಿಗೆ ಸುಮಾರು ಮೂವತ್ತು ಕಿಲೋಮೀಟರ್. ‘ಶಕ್ತಿ’ ಯೋಜನೆಯಿಂದ ಹೆಂಗಸಿಗೆ ಸರ್ಕಾರಿ ಬಸ್ಸು ಉಚಿತ, ನಿಜ. ಆದರೆ ತೋಟದ ಒಂದು ದಿನದ ಕೂಲಿ ಹೋಗುತ್ತದೆ. ಗಂಡನಿಗೆ ಟಿಕೆಟ್ಟೂ ಬೇಕು, ಮನಸ್ಸೂ ಬೇಕು, ಅವನು ಬರುವುದಿಲ್ಲ. ಕೊನೆಗೆ ಉಳಿಯುವ ದಾರಿ ಪೊಲೀಸ್ ಠಾಣೆ: ಗಂಡನನ್ನು ಕರೆಸಿ, ಗದರಿಸಿ, ಮುಚ್ಚಳಿಕೆ ಬರೆಸಿಕೊಂಡು ಇಬ್ಬರನ್ನೂ ಮನೆಗೆ ಕಳಿಸುವುದು. ಅದನ್ನು ಸಮಾಲೋಚನೆ ಎಂದು ಕರೆಯಲಾಗದು.

2022ರ ಅಕ್ಟೋಬರಿನಿಂದ ಟೆಲಿ ಮನಸ್ ಸಹಾಯವಾಣಿ ಇದೆಯಲ್ಲ, 14416ಕ್ಕೆ ಕರೆ ಮಾಡಿದರಾಯಿತು ಎಂಬ ವಾದ ಪದೇ ಪದೇ ಕೇಳಿಬರುತ್ತದೆ. ಜೀವ ಬೇಡವೆನಿಸಿದ ಹೊತ್ತಿನಲ್ಲಿ ಆ ಸಂಖ್ಯೆ ಕೈಹಿಡಿಯಬಲ್ಲದು. ಪ್ರತಿ ಮನೆಗೂ ಅದು ಗೊತ್ತಿರಬೇಕು. ಆದರೆ ತೋಟದ ಇಕ್ಕಟ್ಟಾದ ಲೈನ್ ಮನೆಯಲ್ಲಿ ಗಂಡ ಪಕ್ಕದಲ್ಲೇ ಮಲಗಿರುವಾಗ ಹೆಂಡತಿ ಫೋನಿನಲ್ಲಿ ಏನು ಹೇಳಿಯಾಳು? ಇಬ್ಬರನ್ನೂ ಎದುರೆದುರು ಕೂರಿಸುವ ಕೆಲಸ ಫೋನಿನದಲ್ಲ.

ದುಡ್ಡಿಲ್ಲ, ತಜ್ಞರಿಲ್ಲ ಎಂಬ ನೆಪ ಕರ್ನಾಟಕಕ್ಕಂತೂ ಒಪ್ಪುವುದಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮನೋರೋಗ ಚಿಕಿತ್ಸೆಯನ್ನು ಹಳ್ಳಿಗೆ ಒಯ್ದಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಬಳ್ಳಾರಿಯನ್ನು ಹೊಗಳುವವರು ಹೇಳದೆ ಬಿಡುವ ಮಾತೊಂದಿದೆ: ಅಂದಿನಿಂದ ತಾಲ್ಲೂಕಿಗೆ ಇಳಿದದ್ದು ಹೆಚ್ಚಾಗಿ ಮಾತ್ರೆ, ಮಾತುಕತೆ ಜಿಲ್ಲಾ ಕೇಂದ್ರದಲ್ಲೇ ಉಳಿಯಿತು.

ಗೋವಾದ ಅನುಭವ ಇನ್ನೂ ಹತ್ತಿರದ್ದು. ವೃತ್ತಿಪರರಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಅತಿಯಾಗಿ ಕುಡಿಯುವ ಗಂಡಸರ ಜತೆ ಆರೋಗ್ಯ ಕೇಂದ್ರದಲ್ಲಿ ಮಾತನಾಡಿಸಿದರು. 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಅಚ್ಚಾದ ಫಲಿತಾಂಶದಂತೆ, ಮೂರು ತಿಂಗಳ ಬಳಿಕ ಅವರಲ್ಲಿ ಶೇ 36 ಮಂದಿ ಅಪಾಯದ ಮಟ್ಟದಿಂದ ಹೊರಬಂದಿದ್ದರು, ಸಮಾಲೋಚನೆ ಸಿಗದವರಲ್ಲಿ ಶೇ 26. ಆದರೆ ಸಂಗಾತಿಯ ಮೇಲಿನ ಹಿಂಸೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಕುಡಿಯುವವನೊಬ್ಬನನ್ನೇ ಕೂರಿಸಿಕೊಂಡರೆ ಸಾಲದು, ಹೆಂಡತಿಯ ಮಾತಿಗೂ ಅಲ್ಲಿ ಕುರ್ಚಿ ಬೇಕು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸುಳಿವು ಬೇಕಿಲ್ಲ. ಧರ್ಮಸ್ಥಳದ ಮದ್ಯವರ್ಜನ ಶಿಬಿರಗಳು ಇದನ್ನು ಬೇರೆ ದಾರಿಯಲ್ಲಿ ಕಂಡುಕೊಂಡಿವೆ. ಶಿಬಿರಕ್ಕೆ ಮನೆಯವರನ್ನೂ ಕರೆಯುತ್ತಾರೆ. ಮುಗಿದ ಮೇಲೆ ಕುಡಿತ ಬಿಟ್ಟವರ ನವಜೀವನ ಸಮಿತಿ ಊರಲ್ಲೇ ಸಭೆ ಸೇರುತ್ತದೆ.

ರಾಜ್ಯದ ಮನೋಚೈತನ್ಯ ಯೋಜನೆಯಂತೆ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುವುದು ಮಂಗಳವಾರ. ಕುಶಾಲನಗರದ ಸಂತೆಯೂ ಮಂಗಳವಾರ. ಸುತ್ತಲಿನ ತೋಟ, ಹಾಡಿಗಳಿಂದ ಗಂಡ ಹೆಂಡಿರಿಬ್ಬರೂ ಪೇಟೆಗೆ ಇಳಿಯುವ ದಿನ. ಆ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಅಲ್ಲಿ ತರಬೇತಿ ಪಡೆದ ಇಬ್ಬರು, ಅವರಲ್ಲೊಬ್ಬರಿಗೆ ಯರವ ಇಲ್ಲವೇ ಜೇನು ಕುರುಬರ ಮಾತು ಬರಬೇಕು. ಶುಲ್ಕ ಇರಕೂಡದು. ಇಷ್ಟಕ್ಕೆ ಹೊಸ ಕಟ್ಟಡ ಬೇಡ, ಹೊಸ ಕಾಯ್ದೆ ಬೇಡ. ಆರೋಗ್ಯ ಇಲಾಖೆ ಮತ್ತು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಒಂದೇ ಆದೇಶಕ್ಕೆ ಸಹಿ ಹಾಕಿದರೆ ಮುಂದಿನ ತಿಂಗಳ ಸಂತೆಗೇ ಶುರು ಮಾಡಬಹುದು.